ತೊಳೆದು ಕಳೆದುಕೊಂಡದ್ದು

ಮದುವೆಯಾದ ಹೊಸತರಲ್ಲಿ, ದೇವದುರ್ಗದ ಮನೆಯಲ್ಲಿ, ನನ್ನ ಗಂಡ ಒಂದು ಸಂಜೆ ಗುಲಾಬಿ ಬಣ್ಣದ ಬಾಟಲಿಯೊಂದನ್ನು ಕೈಗಿಟ್ಟ. ಹೆಂಗಸರು ಗುಪ್ತಾಂಗ ತೊಳೆದುಕೊಳ್ಳಲೆಂದು ಮಾರುವ ದ್ರವ ಅದು. ನನ್ನ ಮುಖ ನೋಡದೆ, "ದಿನಾ ಇದರಿಂದ ತೊಳಕೋ. ವಾಸನಿ ಬರ್ತದ," ಎಂದ. ಮಾನ್ವಿಯಲ್ಲಿ ಭತ್ತದ ನಾಟಿಗೆ ಹೋಗಿ ನನ್ನನ್ನು ಓದಿಸಿದವಳು ನಮ್ಮವ್ವ. ಕೆಸರಿನಲ್ಲಿ ದುಡಿಯುವವರ ಮನೆಯಿಂದ ಬಂದವಳೆಂದು ಹೀಗಂದನೇ ಎಂದು ಮನಸ್ಸು ಚುಚ್ಚಿತು. ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಎದುರು ಮಾತಾಡದೆ ಅದನ್ನು ತೆಗೆದುಕೊಂಡೆ.

ತೊಳೆದೆ. ಒಳಗೂ ತೊಳೆದೆ. ಕೆಲವು ವಾರಗಳಲ್ಲಿ ಉರಿ ಶುರುವಾಯಿತು. ಮೊದಲು ಇಲ್ಲದ ಕೆಟ್ಟ ವಾಸನೆ ಈಗ ನಿಜಕ್ಕೂ ಬಂತು. ಅದಕ್ಕೆಂದು ಇನ್ನಷ್ಟು ತೊಳೆದೆ. ಮೆಡಿಕಲ್ ಅಂಗಡಿಯವನು ನನ್ನ ಮಾತು ಪೂರ್ತಿ ಕೇಳದೆ ಅದಕ್ಕಿಂತ ದೊಡ್ಡ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಶಾಲೆಯಲ್ಲಿ ಮಕ್ಕಳ ಹತ್ತಿರ ಹೋಗಲು ನಾಚಿಕೆಯಾಗಿ, ಕರಿಹಲಗೆಗೆ ಅಂಟಿಕೊಂಡೇ ಪಾಠ ಮಾಡಿದೆ.

ಕೊನೆಗೆ ರಾಯಚೂರಿಗೆ ಹೋಗಿ ಹೆಂಗಸರ ಡಾಕ್ಟರಿಗೆ ತೋರಿಸಿದೆ. ಗಂಡ ಹೊರಗೆ ಕುಳಿತಿದ್ದ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಏನು ಬಳಸುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಅವನನ್ನೂ ಒಳಗೆ ಕರೆಸಿದರು.

"ಹಾಲನ್ನ ಮೊಸರು ಮಾಡ್ತಾವಲ್ಲ, ಅಂಥ ಬ್ಯಾಕ್ಟೀರಿಯಾ ಹೆಣ್ಣುಮಕ್ಕಳ ಮೈಯಾಗೂ ಇರ್ತಾವ. ಒಳಗಿನ ಜಾಗ ಹುಳಿ ಮಾಡಿ, ರೋಗದ ಕ್ರಿಮಿ ಬೆಳೀದಂಗ ನೋಡಿಕೊಳ್ತಾವ. ಅವನ್ನ ನೀವು ತೊಳದು ತೊಳದು ಕಳಕೊಂಡೀರಿ. ಒಳಗ ಏನೂ ಹಾಕಬ್ಯಾಡ್ರಿ. ಹೊರಗ ಬರೇ ನೀರು ಸಾಕು."

ಬಾಟಲಿಯ ಮೇಲೆ ಸ್ವಚ್ಛತೆಗೆ ಎಂದೇ ಬರೆದಿದೆಯಲ್ಲ ಎಂದು ಗಂಡ ಗೊಣಗಿದ. ಮಾರುವವರು ಏನು ಬೇಕಾದರೂ ಬರೆಯುತ್ತಾರೆ ಎಂದು ಡಾಕ್ಟರಮ್ಮ ಔಷಧಿಯ ಚೀಟಿ ಕೊಟ್ಟರು.

ಊರಿಗೆ ಮರಳುವ ಬಸ್ಸು ಗಬ್ಬೂರು ದಾಟುವವರೆಗೂ ಅದನ್ನೇ ಯೋಚಿಸಿದೆ. ನಾವು ಓದುವಾಗ ಬ್ಯಾಕ್ಟೀರಿಯಾ ಎಂದರೆ ರೋಗ; ಮೊಸರಿನದೊಂದು ಬೇರೆ, ಅಷ್ಟೆ. ನನ್ನ ಮೈಯಲ್ಲೇ ನನ್ನನ್ನು ಕಾಯುವ ಜೀವಿಗಳಿವೆ ಎಂದು ಯಾರೂ ಹೇಳಿರಲಿಲ್ಲ. ಹೊಲಸು ಎಂದು ಹೇಳಲು ಮಾತ್ರ ಎಲ್ಲರೂ ಇದ್ದರು. ಕೊಟ್ಟವನಿಗಿಲ್ಲದ, ಮಾರಿದವನಿಗಿಲ್ಲದ ನಾಚಿಕೆಯನ್ನು ನಾನೊಬ್ಬಳೇ ಹೊತ್ತಿದ್ದೆ.

"ನನಗ ಏನೂ ಆಗಿದ್ದಿಲ್ಲ. ರೋಗ ನೀವು ತಂದು ಕೊಟ್ರಿ," ಎಂದೆ.

ಮುಂದಿನ ಸೀಟಿನವರು ತಿರುಗಿ ನೋಡಿದರು. ಮೆತ್ತಗೆ ಮಾತಾಡು ಎಂದ ಗಂಡ. ನಾನು ಮೆತ್ತಗೆ ಮಾತಾಡಲಿಲ್ಲ.

ಔಷಧಿಗೆ ಉರಿ ಇಳಿಯಿತು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಿದ್ದ ಅತ್ತೆ, ಡಾಕ್ಟರು ಏನಂದರು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರ ಕೈ ಮೊರದಲ್ಲೇ ನಿಂತಿತು. ಮದುವೆಯಾದಾಗಿನಿಂದ ಸೋಪು ಹಾಕಿ ಒಳಗೆ ತೊಳೆದುಕೊಳ್ಳುತ್ತಿದ್ದರಂತೆ. ಅವರ ಅತ್ತೆಯ ಅಪ್ಪಣೆ.

"ಉರಿ ಅಂದ್ರ ಹೆಣ್ಣಿಗೆ ಇರೋದ ಅಂತ ತಿಳದಿದ್ದೆ ಬೇ," ಎಂದರು.

ಅಷ್ಟು ವರ್ಷದ ಉರಿ. ನನ್ನ ಸಿಟ್ಟು ಇನ್ನೂ ಏರಿತು, ಆದರೆ ಅವರ ಮೇಲಲ್ಲ. ಮರುದಿನವೇ ರಜೆ ಹಾಕಿ ಅವರನ್ನು ರಾಯಚೂರಿಗೆ ಹೊರಡಿಸಿದೆ. ಎಲ್ಲಿಗೆ ಎಂದು ನನ್ನ ಗಂಡ ತಾಯಿಯನ್ನು ಕೇಳಿದ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮೊದಲೇ ಬೀದಿಗಿಳಿದರು.