ನರಳಿದ್ದು ಬಲಗಾಲಿ

ಕಾರಿನ ಮುಂದಿನ ಎಡಗಾಲಿಯೇ ಗುಂಯ್‌ಗುಡುತ್ತಿದೆ ಎಂದುಕೊಂಡು ಬೇಮಳಖೇಡದ ನಮ್ಮ ಅಂಗಳದಲ್ಲೇ ಅದರ ಬ್ರೇಕ್ ಪ್ಯಾಡ್ ಬದಲಿಸಿದೆ. ಸದ್ದು ನಿಲ್ಲಲಿಲ್ಲ. ಮರುದಿನ ಬಾಣಂತಿ ತಂಗಿಯನ್ನೂ ಕೂಸನ್ನೂ ಹುಮನಾಬಾದಿನಿಂದ ಕರೆತರಬೇಕಿತ್ತು. ದನ ಕಾಯುತ್ತಲೇ ಮುದುಕಿಯಾದ ಅವ್ವನನ್ನು ಕೂರಿಸಿಕೊಂಡು ಊರಿಗೊಂದು ಸುತ್ತು ಹಾಕಿದೆ. ಸದ್ದಿಗೆ ಕಿವಿಗೊಟ್ಟಿದ್ದ ಅವ್ವ ಅಂದಳು:

"ಎಡಕ್ಕ ಹೊರಳಿದಾಗಷ್ಟೇ ನರಳಾಕತ್ತದಲ್ಲೋ! ಆವಾಗ ಭಾರ ಬಲಗಾಲಿ ಮ್ಯಾಲ ಬೀಳ್ತದ. ಕುಂಟ ಎಮ್ಮಿನೂ ನೋವಿದ್ದ ಕಾಲಿಗಿ ಭಾರ ಬಿದ್ದಾಗೇ ಒದರ್ತದ. ನೀ ನೆಟ್ಟಗಿದ್ದ ಕಾಲಿಗಿ ಪಟ್ಟಿ ಕಟ್ಟಿದಿ, ಶಾಣ್ಯಾ!"

ನಗುತ್ತಲೇ ಬಲಗಡೆ ಜಾಕ್ ಕೊಟ್ಟು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ. ಸಡಿಲಾದ ಹಲ್ಲಿನಂತೆ ಇಡೀ ಗಾಲಿಯೇ ಅಲುಗಿತು. ಗಾಲಿಯನ್ನು ಹಿಡಿದಿಡುವ ಬೇರಿಂಗ್ ಸವೆದುಹೋಗಿತ್ತು. ಹಿಂದಿನ ದಿನವಷ್ಟೇ ಇದೇ ಗಾಲಿಯನ್ನು ನಂಬಿ ಹೆದ್ದಾರಿಯಲ್ಲಿ ಬಸವಕಲ್ಯಾಣಕ್ಕೆ ಹೋಗಿಬಂದಿದ್ದೆ.

"ಹೊಸ ಬೇರಿಂಗ್ ಕೂಡಿಸಬೇಕು, ಎರಡು ದಿನ ತಡ ಆಗ್ತದ" ಎಂದು ತಂಗಿಗೆ ಫೋನ್ ಮಾಡಿ ಹೇಳಿದೆ.