ಬೀಗಿತ್ತಿಯರ ನಡುವೆ ಬಿದ್ದ ಚೆಂಡು

ಚೆಂಡು ನಮ್ಮಿಬ್ಬರ ಮಧ್ಯೆ ಬಂದು ಬಿತ್ತು. ನಾನು ಬೀಗಿತ್ತಿಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಹೊಡೀರಿ ಬೀಗ್ರೇ" ಎಂದರು.

"ಇಲ್ಲ ಇಲ್ಲ, ನೀವೇ ಹೊಡೀರಿ" ಎಂದೆ.

ಅಷ್ಟರಲ್ಲಿ ಚೆಂಡು ಎರಡು ಸಲ ಪುಟಿದು, ಹಿಂದಿನ ತಂತಿಬೇಲಿಗೆ ತಗುಲಿ ಸುಮ್ಮನೆ ಮಲಗಿತ್ತು. ನೆಟ್ಟಿನಾಚೆ ನಿಂತಿದ್ದ ನನ್ನ ಸೊಸೆ, ಅಂದರೆ ಅವರ ಮಗಳು, ಬ್ಯಾಟಿನಿಂದ ಹಣೆ ಚಚ್ಚಿಕೊಂಡಳು. "ಅಮ್ಮಾ, ಅತ್ತೇ, ಇದೇನ್ ಊಟದ ಪಂಕ್ತೀನಾ? ಮೊದ್ಲು ನೀವು, ಮೊದ್ಲು ನೀವು ಅಂತಿದ್ರೆ ಹನ್ನೊಂದು ಪಾಯಿಂಟೂ ಅವ್ರಿಗೇ!"

ಪಂದ್ಯಕ್ಕೆ ಇನ್ನು ಹದಿನೆಂಟು ದಿನವಿತ್ತು.

ದೇವನಹಳ್ಳಿಯ ನಮ್ಮ ಬಡಾವಣೆಯಲ್ಲಿ, ಹಿಂದೆ ದ್ರಾಕ್ಷಿ ಚಪ್ಪರವಿದ್ದ ಜಾಗದಲ್ಲಿ, ಪಿಕಲ್‌ಬಾಲ್ ಕೋರ್ಟು ಮಾಡಿದ್ದಾರೆ. ಸೊಂಟದೆತ್ತರದ ನೆಟ್ಟು, ಮಣೆಯಂಥ ಬ್ಯಾಟು, ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು. ಇದಕ್ಕೂ ಉಪ್ಪಿನಕಾಯಿಗೂ ಸಂಬಂಧವಿಲ್ಲವೆಂದು ಬೀಗಿತ್ತಿಯನ್ನು ನಂಬಿಸಲು ನನಗೆ ಒಂದು ವಾರ ಹಿಡಿಯಿತು. ಬ್ಯಾಟುಗಳನ್ನು ತಂದದ್ದು ನನ್ನ ಮಗ, ಸೊಸೆ. ಅವರು ಮೂರು ದಿನ ಆಡಿ ಬ್ಯಾಟುಗಳನ್ನು ಮೊಳೆಗೆ ನೇತುಹಾಕಿದರು. ವಸ್ತು ಬಳಸದೆ ಇಡುವುದು ನನ್ನಿಂದಾಗದು, ಹಾಗಾಗಿ ನಾನು ಒಂದನ್ನು ಇಳಿಸಿಕೊಂಡೆ. ಮೊಮ್ಮಗಳನ್ನು ನೋಡಿಕೊಳ್ಳಲು ವಾರಕ್ಕೆ ನಾಲ್ಕು ದಿನ ಆವತಿಯಿಂದ ಮೊದಲನೇ ಬಸ್ಸಿಗೆ ಬರುವ ಬೀಗಿತ್ತಿ ಇನ್ನೊಂದನ್ನು ಇಳಿಸಿದರು. ಹುಡುಗಿಯಾಗಿದ್ದಾಗ ತೋಟದಲ್ಲಿ ಗಿಳಿ ಓಡಿಸಲು ಕವಣೆ ಬೀಸಿದ ತೋಳು ಅವರದು. ಅವರು ಹೊಡೆದ ಮೊದಲ ಚೆಂಡು ಇಂದಿಗೂ ಸಿಕ್ಕಿಲ್ಲ.

ನಾನು ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆದರೆ, ಐದು ಹತ್ತಕ್ಕೆ ಹಾಸಿಗೆಯ ನಾಲ್ಕೂ ಮೂಲೆ ಮಡಿಸಿರಬೇಕು. ನಿವೃತ್ತಿಯಾದರೂ ಆ ಗಂಟೆ ತಲೆಯೊಳಗೆ ಹೊಡೆಯುತ್ತಲೇ ಇದೆ. ನಮ್ಮ ಕೋರ್ಟಿನಲ್ಲೇ ನಡೆಯಲಿದ್ದ ಪಂದ್ಯಾವಳಿಯ, ಅರವತ್ತು ದಾಟಿದ ಹೆಂಗಸರ ಜೋಡಿ ವಿಭಾಗಕ್ಕೆ ಸೊಸೆ ನಮ್ಮ ಹೆಸರು ಕೊಟ್ಟ ದಿನವೇ ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದೆ: ಆರಕ್ಕೆ ಮಂಡಿ ವ್ಯಾಯಾಮ, ಆರೂಕಾಲಿಗೆ ಸರ್ವ್, ಆರೂಮುಕ್ಕಾಲಿಗೆ ಆಟ, ಏಳೂವರೆಗೆ ರಾಗಿ ಗಂಜಿ. ಬೀಗಿತ್ತಿ ಅದನ್ನು ಪೂರ್ತಿ ಓದಿ, "ನಗೋದಕ್ಕೆ ಎಷ್ಟು ಗಂಟೆಗೆ ಬರ್ದಿದ್ದೀರಿ ಬೀಗ್ರೇ?" ಎಂದು ಕೇಳಿದರು.

ಆಟದ ನಿಯಮಗಳು ನನಗೆ ಪಾಠದಂತೆ ಬಾಯಿಗೆ ಬಂದವು. ನೆಟ್ಟಿನ ಪಕ್ಕದ ಪಟ್ಟಿಗೆ ಕಿಚನ್ ಎಂದು ಹೆಸರು. ಅಲ್ಲಿ ನಿಂತು, ನೆಲಕ್ಕೆ ತಾಗದ ಚೆಂಡನ್ನು ಹೊಡೆಯುವಂತಿಲ್ಲ. "ಮದ್ವೆಯಾದಾಗಿಂದ ಅದ್ರೊಳ್ಗೇ ನಿಲ್ಲಿಸಿ, ಈಗ ಕಾಲಿಡ್ಬ್ಯಾಡ ಅಂತೀರಾ!" ಎಂದು ಬೀಗಿತ್ತಿ ಗೆರೆಯ ಹೊರಗೆ ಹಿಗ್ಗಿನಿಂದ ನಿಂತರು. ಅದೆಲ್ಲ ಸರಿಹೋಯಿತು. ಸರಿಹೋಗದಿದ್ದದ್ದು ಆ ನಡುವಿನ ಚೆಂಡು ಮಾತ್ರ.

"ಯಾರು ಹೊಡೀತೀರೋ ಅವ್ರು 'ನಂದು' ಅಂತ ಕೂಗ್ಬೇಕು. ಅಷ್ಟೇ" ಎಂದಳು ಸೊಸೆ.

ಅಷ್ಟೇ ಎಂದರೆ ಆಯಿತೇ? "ಬೀಗರ ಮುಂದೆ ನಂದು ಅಂತ ಹೆಂಗೆ ಅನ್ನದು? ಆಸೆಬುರುಕಿ ಅನ್ಸ್ಕೊಳ್ಳಲ್ವಾ?" ಎಂದು ಬೀಗಿತ್ತಿ ತಲೆ ಬಗ್ಗಿಸಿದರು. ನನಗೂ ಬಾಯಿ ಬರಲಿಲ್ಲ. ಅದಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಆವತಿಯಲ್ಲಿ, ಅವರ ಮನೆಯ ಬೀಗರೂಟದ ದಿನ, ಎಲೆಯ ಮುಂದೆ ಕೂತ ನಾನು ಗಡಿಯಾರ ನೋಡಿ, "ಒಂದು ಗಂಟೆ ಅಂದಿದ್ರಿ, ಎರಡೂವರೆ ಆಯ್ತಲ್ಲ" ಎಂದುಬಿಟ್ಟಿದ್ದೆ. ಅವರು ನಕ್ಕರು. ಆದರೆ ಆಮೇಲೆ ಮೂರು ತಿಂಗಳು ನನ್ನ ಫೋನಿಗೆ ಸಿಗಲಿಲ್ಲ. ಸೊಸೆ ಎರಡು ಮನೆಗಳ ನಡುವೆ ಮುಖ ಸಣ್ಣದು ಮಾಡಿಕೊಂಡು ಓಡಾಡಿದ್ದನ್ನು ನಾನು ಮರೆತಿಲ್ಲ. ಅಂದಿನಿಂದ ಅವರ ಜೊತೆ ನನ್ನ ಮಾತೆಲ್ಲ ಇಸ್ತ್ರಿ ಹಾಕಿದ ಮಾತು. ಪಂದ್ಯ ಗೆಲ್ಲುವ ಹುಚ್ಚು ನನಗೆ ಹಿಡಿದಿತ್ತು, ನಿಜ. ಆದರೆ ಅದಕ್ಕಾಗಿ ಇನ್ನೊಂದು ಒರಟು ಮಾತು ಆಡುವ ಧೈರ್ಯವಿರಲಿಲ್ಲ.

ಕೂಗುವ ಗೋಜೇ ಬೇಡವೆಂದು ನಿಯಮ ಬರೆದೆ: ಸ್ಕೋರು ಸಮಸಂಖ್ಯೆಯಲ್ಲಿದ್ದರೆ ನಡುವಿನ ಚೆಂಡು ಅವರದು, ಬೆಸಸಂಖ್ಯೆಯಲ್ಲಿದ್ದರೆ ನನ್ನದು. ಮೊದಲ ಚೆಂಡು ಬಂದಾಗ ಇಬ್ಬರೂ ನಿಂತಲ್ಲೇ ನಿಂತೆವು.

"ಸೊನ್ನೆ ಸಮಾನೋ ಬೆಸಾನೋ ಬೀಗ್ರೇ?" ಎಂದರು.

ಇಬ್ಬರಿಗೂ ನಗು ಬಂದು ಅವತ್ತಿನ ಅಭ್ಯಾಸ ಅಲ್ಲಿಗೇ ಮುಗಿಯಿತು. ವೇಳಾಪಟ್ಟಿಯಲ್ಲಿ ಮೊದಲ ಸಲ ಒಂದು ಸಾಲು ಹೊಡೆದುಹಾಕಿದೆ.

ಈ ಮಧ್ಯೆ ಆವತಿಯಲ್ಲಿ ಇನ್ನೊಂದು ಗಲಾಟೆಯಾಯಿತು. ದಿನಾ ಬೆಳಿಗ್ಗೆ ಎಲ್ಲಿಗೆ ಹೊರಟಿರೆಂದು ಬಸ್‌ಸ್ಟಾಪಿನಲ್ಲಿ ಯಾರೋ ಕೇಳಿದ್ದಾರೆ. ಇವರು, "ಬೀಗಿತ್ತಿ ಜೊತೆ ಕೋರ್ಟಿಗೆ" ಎಂದಿದ್ದಾರೆ. ಸಂಜೆಯೊಳಗೆ ಅವರ ಅಣ್ಣ ಫೋನು ಮಾಡಿ, "ಲಾಯರ್‌ನ ಇಟ್ಟಿದ್ದೀಯೇನಮ್ಮಾ? ರಾಜಿ ಮಾಡ್ಸೋಣ ತಡಿ" ಎಂದರಂತೆ. ಹೇಳುತ್ತಾ ಹೇಳುತ್ತಾ ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನಗುವಿನ ರಭಸಕ್ಕೆ ಗಂಜಿ ಚೆಲ್ಲಿಕೊಂಡೆ.

ಕೊನೆಯ ವಾರ 'ನಂದು' ಎನ್ನುವುದನ್ನೇ ಅಭ್ಯಾಸ ಮಾಡೋಣವೆಂದು ತೀರ್ಮಾನಿಸಿದೆವು. ತಾರಸಿಯ ಮೇಲೆ, ಒಣಹಾಕಿದ ಹಪ್ಪಳಗಳ ಆಚೆ ಅವರು, ಈಚೆ ನಾನು. ಮೊದಲು "ನಂದು ರೀ" ಎಂದು ಪಿಸುಗುಟ್ಟಿದೆವು. ಆಮೇಲೆ ಗಂಟಲು ತೆರೆಯಿತು.

"ನಂದು!"

"ನಂದು ಅಂದ್ನಲ್ಲಾ!"

"ಇಲ್ಲ, ನಂದೂ!"

ಸೊಸೆ ಮಗುವನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿ ಬಂದಳು. "ಏನಾಯ್ತು? ಯಾವ್ದು ನಿಮ್ದು? ಯಾಕ್ ಜಗಳ ಆಡ್ತಿದ್ದೀರಾ?" ಅವಳ ಮುಖ ಬಿಳಿಚಿತ್ತು. ನಮ್ಮ ಮುಂದೆ ಹಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ.

ಪಂದ್ಯದ ಭಾನುವಾರ ನಾನು ಚೂಡಿದಾರ್, ಬೀಗಿತ್ತಿ ಹಸಿರು ಸೀರೆ, ಬಿಳಿ ಶೂ. ಎದುರಿಗೆ ಹೊಸಕೋಟೆಯ ಜೋಡಿ. ಇಬ್ಬರಿಗೂ ಟೋಪಿ, ಮಣಿಕಟ್ಟಿಗೆ ಪಟ್ಟಿ. ಮೊದಲ ನಾಲ್ಕು ಪಾಯಿಂಟು ನಮ್ಮದೇ. ಆಮೇಲೆ ಅವರಿಗೆ ನಮ್ಮ ಗುಟ್ಟು ತಿಳಿಯಿತು. ಚೆಂಡೆಲ್ಲ ನಡುವಿಗೇ ಬರತೊಡಗಿತು. ಜನರ ಮುಂದೆ ತಾರಸಿಯ 'ನಂದು' ಮತ್ತೆ 'ನೀವು' ಆಯಿತು. "ನೀವು," "ನೀವು," "ಅಯ್ಯೋ, ನೀವು." ನಾಲ್ಕಕ್ಕೆ ಒಂಬತ್ತು.

ಮತ್ತೊಂದು ಚೆಂಡು ಅದೇ ಜಾಗಕ್ಕೆ ಹಾರಿ ಬಂತು. ಬೀಗಿತ್ತಿ ನನ್ನ ಕಡೆ ತಿರುಗಿ, ಮರ್ಯಾದೆಯಿಂದ ಬಾಯಿ ತೆರೆಯುತ್ತಿದ್ದರು.

"ಬಿಡೇ, ನಂದು!"

ಕೂಗಿದ್ದು ನಾನೇ. ಹೊಡೆತ ಎದುರಿನವರ ಕಾಲ ಬಳಿ ಬಿತ್ತು, ಅವರಿಗೆ ಎತ್ತಲಾಗಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ನನಗೆ ಕೇಳಿಸಿದ್ದು ಆ 'ಬಿಡೇ' ಮಾತ್ರ. ಬೇಲಿಯ ಪಕ್ಕ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಬೀಗಿತ್ತಿ ನನ್ನನ್ನೇ ನೋಡುತ್ತಿದ್ದರು. ಇನ್ನು ಮೂರು ತಿಂಗಳು ಫೋನಿಲ್ಲ ಎಂದುಕೊಂಡೆ.

ಮುಂದಿನ ಚೆಂಡು ಎತ್ತರಕ್ಕೆ ಬಂತು.

"ನೀನ್ ಸರಿಯೇ ಆ ಕಡೆ! ನಂದೂ!" ಗಿಳಿ ಓಡಿಸುವ ತೋಳು ಬೀಸಿತು. ಎದುರಿನ ಟೋಪಿಯೊಂದು ತಾನಾಗಿ ಬಗ್ಗಿತು.

ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ಹಿಡಿಯೇ, ಬಿಡೇ, ಓಡೇ, ಕುರುಡೀ ಎಂದು ಕೂಗಾಡಿ ಒಂಬತ್ತಕ್ಕೆ ಒಂಬತ್ತು ಮಾಡಿದೆವು. ಅವರು ಹತ್ತಾದರು. ಕೊನೆಯ ಚೆಂಡು ಸರಿಯಾಗಿ ನಡುವಿಗೆ ಬಂತು. ಇಬ್ಬರೂ ಒಟ್ಟಿಗೆ "ನಂದು!" ಎಂದು ಕಿರುಚಿದೆವು, ಇಬ್ಬರ ಬ್ಯಾಟೂ ಠಪ್ಪೆಂದು ಬಡಿದುಕೊಂಡವು, ಚೆಂಡು ಕೆಳಗಿನಿಂದ ನಿಧಾನವಾಗಿ ಹಾದುಹೋಯಿತು.

ಮೊದಲ ಸುತ್ತಿನಲ್ಲೇ ಸೋತೆವು. ಬೀಗಿತ್ತಿ ಕೋರ್ಟಿನ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು ಉಸಿರು ಸಿಗದಂತೆ ನಗುತ್ತಿದ್ದರು. ನಾನು ಪಕ್ಕದಲ್ಲಿ ಕುಸಿದೆ.

"ಅವತ್ತು ಬೀಗರೂಟದಲ್ಲೂ ಹಿಂಗೇ ಕೂಗಿದ್ರೆ," ಎಂದರು, "ಊಟ ಬೇಗ ಬಂದಿರೋದು ಕಣೇ!"

ಮರುದಿನ ಸೋಮವಾರ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಎರಡೂ ಮಂಡಿ ಮುಷ್ಕರ ಹೂಡಿದ್ದವು. ಕೋರ್ಟು ಮುಟ್ಟುವ ಹೊತ್ತಿಗೆ, ಅವಳು ಆವತಿ ಬಸ್ಸಿನಿಂದ ಇಳಿದು ಬಂದು, ಬ್ಯಾಟು ಸೊಂಟಕ್ಕಿಟ್ಟುಕೊಂಡು, ಫೋನಿನಲ್ಲಿ ಗಂಟೆ ನೋಡುತ್ತಾ ನಿಂತಿದ್ದಳು.

"ನೀನೇ ಆರು ಗಂಟೆ ಅಂದಿದ್ದೆ," ಎಂದಳು. "ಆರೂ ಹತ್ತಾಯ್ತಲ್ಲೇ!"