ಬೆಟಗೇರಿಯ ಶಾಲೆಯನ್ನು ನಾನು ಪರೀಕ್ಷಿಸಿದ್ದು

ಏಕೀಕರಣವಾದ ಮರುವರ್ಷದ ಜೂನ್. ಸೊರಟೂರಿನ ನನ್ನ ಅಕ್ಕ ತನ್ನ ಮಗಳನ್ನು ಬೆಟಗೇರಿಯ ಸಣ್ಣದೊಂದು ಮುನ್ಸಿಪಾಲ್ಟಿ ಹೈಸ್ಕೂಲಿಗೆ ಸೇರಿಸಬೇಕೆಂದಿದ್ದಳು. ಮನೆತನದಲ್ಲಿ ಮ್ಯಾಟ್ರಿಕ್ ಪಾಸಾದವನು ನಾನೊಬ್ಬನೇ. ಹಾಗಾಗಿ ಆ ಶಾಲೆ ಹೇಗಿದೆಯೆಂದು ನೋಡಿ ಹೇಳುವ ಭಾರ ನನ್ನ ಮೇಲೆ ಬಿತ್ತು. ಬೇಡವೆನ್ನುವಷ್ಟು ವಿನಯ ನನಗಿರಲಿಲ್ಲ. ಆ ಸೆಕೆಯಲ್ಲೂ ಕರಿ ಕೋಟು ತೊಟ್ಟು, ಅಕ್ಕನನ್ನು ಕರೆದುಕೊಂಡು ಹೊರಟೆ.

ಹೆಡ್‌ಮಾಸ್ತರರು ನಮ್ಮನ್ನು ಒಂದು ತರಗತಿಗೆ ಕರೆದೊಯ್ದು, "ಬೇಕಾದ್ರ ನೀವ ಮಕ್ಕಳಿಗೆ ಏನರ ಕೇಳಿ ನೋಡ್ರಿ" ಎಂದರು.

ನಾನು ಗಂಟಲು ಸರಿಮಾಡಿಕೊಂಡು, "ನಮ್ಮ ರಾಜ್ಯದ ರಾಜಧಾನಿ ಯಾವ್ದು?" ಎಂದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಬೆಂಗಳೂರ್ರಿ" ಎಂದಳು.

"ತಪ್ಪು. ಮುಂಬಯಿ" ಎಂದೆ, ಬಹಳ ಗಂಭೀರವಾಗಿ.

ಅವಳು ಕೂರಲಿಲ್ಲ. "ಅದು ಮೊದಲಿಂದ್ರಿ. ಈಗ ನಾವು ಮೈಸೂರ ರಾಜ್ಯಕ್ಕ ಸೇರೇವ್ರಿ."

ಏಕೀಕರಣಕ್ಕಾಗಿ ಗದಗಿನ ಬೀದಿಗಳಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗಿದ್ದವನು ನಾನು. ಹೆಡ್‌ಮಾಸ್ತರರು ಅವಳನ್ನು ಗದರಿಸಿ ನನ್ನ ಮಾನ ಉಳಿಸುತ್ತಾರೆಂದು ಕಾದೆ. ಅವರು, "ಖರೆ ಐತಿ, ಕುಂಡ್ರವಾ" ಎಂದರು.

ಹೊರಗೆ ಬಂದ ಕೂಡಲೇ ಅಕ್ಕ, "ಶಾಲಿ ಚಲೋ ಐತಿ. ದೊಡ್ಡವರು ತಪ್ಪಿದ್ರೂ ಹುಡುಗ್ಯಾರು ಅಂಜಲಾರ್ದ ಹೇಳ್ತಾರ. ನಾಳೆನ ಹೆಸರ ಹಚ್ಚೂಣು" ಎಂದಳು.

"ಅದನ್ನ ನೋಡಾಕಂತನ ನಾ ಬೇಕಂತ ತಪ್ಪ ಹೇಳಿದೆ" ಎಂದೆ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರುದಿನ ಮಗಳ ಹೆಸರು ಹಚ್ಚಲು ಹೋಗುವಾಗ ನನ್ನನ್ನು ಕರೆಯಲಿಲ್ಲ.